ಅಡವಿಟ್ಟದ್ದು ಫೋನ್‌ಬುಕ್ಕು: ಏಳು ದಿನದ ಸಾಲವೊಂದರ ಪ್ರಕರಣ

ಸೋಮವಾರ ರಾತ್ರಿ ಒಂಬತ್ತೂವರೆಗೆ ಬಾಗಿಲು ತಟ್ಟಿದ್ದು ನಮ್ಮ ಹಿಂದಿನ ಬೀದಿಯ ಹೆಂಗಸು. ಪೀಣ್ಯದ ಕಡೆ ಗಾರ್ಮೆಂಟ್ಸ್‌ನಲ್ಲಿ ಟೈಲರ್. ಫೋನನ್ನು ಮಗ್ಗುಲು ತಿರುಗಿಸಿ, ಸ್ಕ್ರೀನು ಎದೆಗೆ ಒತ್ತಿ ಹಿಡಿದಿದ್ದಳು. "ಸರ್, ಇದನ್ನ ನೀವು ನೋಡ್ಬೇಡಿ. ಆದ್ರೆ ಏನ್ ಮಾಡ್ಲಿ ಅಂತ ಹೇಳಿ" ಅಂದಳು.

ನೋಡದೆ ಹೇಳುವುದು ಹೇಗೆ? ನನ್ನ ಹೆಂಡತಿ ಫೋನು ಇಸಕೊಂಡು ನೋಡಿದಳು. ಆಕೆಯದೇ ಮುಖ, ಬೇರೆ ಯಾರದೋ ಮೈ, ಕೆಳಗೆ ಕೆಂಪಕ್ಷರದಲ್ಲಿ 'ಕಳ್ಳಿ'. ಸಂಜೆ ಆರಕ್ಕೆ ಅದು ಆಕೆಯ ಅಣ್ಣನಿಗೆ ಹೋಗಿತ್ತು. ಆರೂಕಾಲಿಗೆ ಫ್ಯಾಕ್ಟರಿಯ ಸೂಪರ್‌ವೈಸರ್‌ಗೆ.

ನಾನು ಬ್ಯಾಂಕಿನ ಸಾಲದ ವಿಭಾಗದಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡು ರಿಟೈರ್ ಆದವನು. ಕಂತು ತಪ್ಪಿದವರ ಮನೆ ಬಾಗಿಲಿಗೆ ನಾನೂ ಹೋಗಿದ್ದೇನೆ, ಮುಖ ಗಂಟಿಕ್ಕಿಕೊಂಡು ಕೂತಿದ್ದೇನೆ. ಹಾಗಾಗಿ ಸಾಲ ವಸೂಲಿ ಎಂದಾಕ್ಷಣ ಸಾಲಗಾರನ ಪರ ವಕಾಲತ್ತು ಹಾಕುವ ಜಾಯಮಾನ ನನ್ನದಲ್ಲ. ಈ ಪ್ರಕರಣವನ್ನು ಬರೆದಿಡುತ್ತಿರುವುದು ಬೇರೆ ಕಾರಣಕ್ಕೆ. ಇಲ್ಲಿ ಸಾಲ ಕೊಟ್ಟವನಿಗೆ ಚಿನ್ನ, ಸೈಟು, ಸಂಬಳದ ಚೀಟಿ ಯಾವುದೂ ಬೇಡವಾಗಿತ್ತು. ಹಾಗಾದರೆ ಅವನು ಯಾವ ಧೈರ್ಯದ ಮೇಲೆ ಕೊಟ್ಟ? ಅದು ಗೊತ್ತಾಗಲು ನನಗೂ ಸ್ವಲ್ಪ ಹೊತ್ತು ಹಿಡಿಯಿತು.

ಶುರುವಾದದ್ದು 2025ರ ಮಳೆಗಾಲದ ಒಂದು ಮಂಗಳವಾರ. ಮಗ ಡಿಪ್ಲೊಮಾ ಓದುತ್ತಿದ್ದಾನೆ, ಕಾಲೇಜಿನ ಬಾಕಿ ಫೀಸು 3,500 ರೂಪಾಯಿ, ಕಟ್ಟಲು ಶುಕ್ರವಾರ ಕೊನೆ. ಆಕೆ ಒಂದು ಸ್ತ್ರೀಶಕ್ತಿ ಸಂಘದ ಸದಸ್ಯೆ. ಅಲ್ಲಿ ಆಕೆಯದೇ ಉಳಿತಾಯವಿದೆ, ನೂರಕ್ಕೆ ಎರಡರಂತೆ ಸಾಲವೂ ಸಿಗುತ್ತದೆ. ಆದರೆ ಸಂಘದ ಸಭೆ ಸೇರುವುದು ಭಾನುವಾರ. ಎರಡು ದಿನದ ಅಂತರ ಅಷ್ಟೇ. ಇಂಥವರನ್ನು 'ತಿಳಿವಳಿಕೆ ಇಲ್ಲದೆ ಸಾಲಕ್ಕೆ ಬಿದ್ದರು' ಎಂದು ಹೇಳುವುದು ನಮಗೆಲ್ಲ ರೂಢಿ. ಆಕೆಗೆ ಬಡ್ಡಿ ಲೆಕ್ಕ ನನ್ನಷ್ಟೇ ಚೆನ್ನಾಗಿ ಬರುತ್ತದೆ. ಇಲ್ಲದೇ ಹೋದದ್ದು ಆ ಎರಡು ದಿನ.

ಮಂಗಳವಾರ ರಾತ್ರಿ ವಾಟ್ಸ್‌ಆ್ಯಪ್‌ಗೆ ಒಂದು ಮೆಸೇಜು: 'ನಿಮಗೆ 50,000 ರೂ. ಸಾಲ ಮಂಜೂರಾಗಿದೆ, ಅರ್ಹತೆ ನೋಡಲು ಒತ್ತಿ.' ಯಾರೂ ಅರ್ಜಿ ಹಾಕಿಲ್ಲ, ಆದರೂ ಮಂಜೂರು! ಎಷ್ಟು ಸಿಗುತ್ತದೋ ನೋಡೋಣ, ತಂಗಿಯನ್ನು ಕೇಳಿ ಆಮೇಲೆ ತೀರ್ಮಾನ ಮಾಡೋಣ ಎಂದು ಒತ್ತಿದ್ದಾಳೆ. ಪ್ಲೇಸ್ಟೋರ್ ತೆರೆಯಲಿಲ್ಲ, ಒಂದು ಫೈಲು ನೇರವಾಗಿ ಇಳಿಯಿತು. ಆಧಾರ್, ಪಾನ್, ಸೆಲ್ಫಿ, ಬ್ಯಾಂಕ್ ಖಾತೆ ಕೇಳಿತು. 'ಸಂಪರ್ಕಗಳಿಗೆ ಅನುಮತಿ', 'ಫೋಟೋಗಳಿಗೆ ಅನುಮತಿ', 'ಎಸ್ಎಂಎಸ್‌ಗೆ ಅನುಮತಿ' ಎಂದು ಮೂರು ಸಲ ಕೇಳಿತು, ಮೂರು ಸಲವೂ ಒತ್ತಿದಳು. ಕೊನೆಯಲ್ಲಿ ಬಂದದ್ದು 50,000 ಅಲ್ಲ, 3,000. ಇದು ಸಾಲದು ಎಂದು ಫೋನು ಆಫ್ ಮಾಡಿ ಮಲಗಿದ್ದಾಳೆ. 'ಸಾಲ ಬೇಕು' ಎಂಬ ಗುಂಡಿ ಒತ್ತಲಿಲ್ಲ ಎಂದು ಆಣೆ ಮಾಡಿ ಹೇಳುತ್ತಾಳೆ. ನಾನು ನಂಬುತ್ತೇನೆ, ಮುಂದೆ ನಡೆದದ್ದಕ್ಕೆ ಅದು ಹೊಂದುತ್ತದೆ.

ಬುಧವಾರ ಬೆಳಿಗ್ಗೆ ಖಾತೆಗೆ ಎರಡು ಸಲ 1,860 ರೂಪಾಯಿ ಬಿತ್ತು. ಒಟ್ಟು 3,720. ಫೀಸು 3,500. ಯಾರೋ ಪಕ್ಕದಲ್ಲಿ ಕೂತು ಲೆಕ್ಕ ಹಾಕಿ ಕಳಿಸಿದ ಹಾಗೆ. ಆ್ಯಪ್ ತೆರೆದರೆ ತಲಾ 3,000ದ ಎರಡು ಸಾಲ, ಮುಂದಿನ ಮಂಗಳವಾರ 6,000 ಕಟ್ಟಬೇಕು. ಉಳಿದ 2,280 'ಪ್ರೊಸೆಸಿಂಗ್ ಮತ್ತು ಸೇವಾ ಶುಲ್ಕ'. ದುಡ್ಡು ವಾಪಸ್ ಮಾಡುವ ಗುಂಡಿ ಎಲ್ಲೂ ಇಲ್ಲ. ಆಕೆ ಫೀಸು ಕಟ್ಟಿದಳು. ಕಟ್ಟಬಾರದಿತ್ತು ಎಂದು ಅಣ್ಣ ಈಗಲೂ ಹೇಳುತ್ತಾನೆ. ಶುಕ್ರವಾರ ಎದುರಿಗೆ ನಿಂತಿರುವಾಗ ಖಾತೆಗೆ ಬಿದ್ದ ದುಡ್ಡನ್ನು ಮುಟ್ಟದೆ ಇರುವವರು ಎಷ್ಟು ಜನ?

ಬಡ್ಡಿ ಎಷ್ಟಾಯಿತು ಎಂದು ಆ ರಾತ್ರಿ ಹಳೇ ಚೀಟಿಯ ಹಿಂದೆ ಲೆಕ್ಕ ಹಾಕಿದೆ. ಕೈಗೆ ಬಂದ 3,720ಕ್ಕೆ ಏಳು ದಿನಕ್ಕೆ 2,280 ಎಂದರೆ ವಾರಕ್ಕೆ ಶೇ. 61. ವರ್ಷಕ್ಕೆ ಸುಮಾರು ಶೇ. 3,200. ನಮ್ಮ ಮಾರ್ಕೆಟ್ಟಿನಲ್ಲಿ ಮೀಟರ್ ಬಡ್ಡಿಗೆ ಬಿಡುವವನು ತಿಂಗಳಿಗೆ ನೂರಕ್ಕೆ ಹತ್ತು ಎಂದರೆ ವರ್ಷಕ್ಕೆ 120 ಆಗುತ್ತದೆ, ಅವನನ್ನೇ ನಾವು ರಕ್ತ ಹೀರುವವನು ಎನ್ನುತ್ತೇವೆ. ಆ ಮನುಷ್ಯ ಇವರ ಮುಂದೆ ಧರ್ಮರಾಯ.

ಆದರೆ ಆಕೆಯನ್ನು ಮುರಿದದ್ದು ಈ ಬಡ್ಡಿಯೂ ಅಲ್ಲ, 'ಎಕ್ಸ್‌ಟೆನ್ಷನ್'. ಕಂತಿನ ಹಿಂದಿನ ದಿನವೇ ಫೋನು ಶುರು. ಪೂರ್ತಿ ಕಟ್ಟಲಾಗದಿದ್ದರೆ 2,280 ಕಟ್ಟಿ, ಇನ್ನೊಂದು ವಾರ ಸಿಗುತ್ತದೆ. ಮೊದಲ ಮಂಗಳವಾರ ಕಟ್ಟಿದಳು. ಎರಡನೇ ಮಂಗಳವಾರ ಪಕ್ಕದ ಮಷೀನಿನವಳ ಹತ್ತಿರ ಕೈಸಾಲ ಮಾಡಿ ಮತ್ತೆ ಕಟ್ಟಿದಳು. ಆ ಸೋಮವಾರ ರಾತ್ರಿ ನಮ್ಮ ಮನೆಯ ಜಗಲಿಯಲ್ಲಿ ಕೂತಾಗಿನ ಸ್ಥಿತಿ ಹೀಗಿತ್ತು: ಬಂದದ್ದು 3,720. ಕಟ್ಟಿದ್ದು 4,560. ಬಾಕಿ ಇನ್ನೂ 6,000.

ಇದನ್ನು ಬಾಯಿಬಿಟ್ಟು ಹೇಳಿದಾಗ ಆಕೆ ನಕ್ಕುಬಿಟ್ಟಳು. ಆಮೇಲೆ ಅತ್ತಳು.

ನಾನು ಮಾಡಿದ ಮೊದಲ ಕೆಲಸವೇ ತಪ್ಪು. ಸಿಟ್ಟಿನಲ್ಲಿ "ಮೊದ್ಲು ಆ ದರಿದ್ರ ಆ್ಯಪ್ ತೆಗ್ದು ಬಿಸಾಕು" ಎಂದು ಅಳಿಸಿಹಾಕಿಸಿದೆ. ಅದರ ಜೊತೆಗೆ ಸಾಲದ ಪುಟ, ಶುಲ್ಕದ ವಿವರ, ಬಾಕಿ ತೋರಿಸುವ ಪರದೆ ಎಲ್ಲ ಹೋಯಿತು. ಮೊದಲು ಸ್ಕ್ರೀನ್‌ಶಾಟ್ ತೆಗೆಯಬೇಕು, ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ಅನುಮತಿಗಳನ್ನು ಕಿತ್ತುಹಾಕಬೇಕು, ಅಳಿಸುವುದು ಕೊನೆಗೆ. ಅಳಿಸಿದ ಮಾತ್ರಕ್ಕೆ ಅವರ ಸರ್ವರ್ ಸೇರಿದ ನಂಬರುಗಳೇನೂ ವಾಪಸ್ ಬರುವುದಿಲ್ಲ. ಬ್ಯಾಂಕ್ ಸ್ಟೇಟ್‌ಮೆಂಟು, ವಾಟ್ಸ್‌ಆ್ಯಪ್ ಬೆದರಿಕೆಗಳು ಉಳಿದಿದ್ದವು, ಪುಣ್ಯ. ಅವುಗಳಿಂದಲೇ ಮುಂದೆ ಕಥೆ ಕಟ್ಟಬೇಕಾಯಿತು.

ಸ್ಟೇಟ್‌ಮೆಂಟ್ ನೋಡಿದಾಗ ಮೊದಲ ಸುಳಿವು ಸಿಕ್ಕಿತು. ದುಡ್ಡು ಬಂದದ್ದು ಯಾವ ಬ್ಯಾಂಕಿನಿಂದಲೂ ಅಲ್ಲ, ಫೈನಾನ್ಸ್ ಕಂಪನಿಯಿಂದಲೂ ಅಲ್ಲ. ಯಾರೋ ವ್ಯಕ್ತಿಯ ಯುಪಿಐ ಐಡಿಯಿಂದ. ಎಕ್ಸ್‌ಟೆನ್ಷನ್ ಕಟ್ಟಿದ್ದು ಇನ್ನಿಬ್ಬರ ಐಡಿಗೆ. ರಿಸರ್ವ್ ಬ್ಯಾಂಕು 2022ರ ಸೆಪ್ಟೆಂಬರ್ 2ರಂದೇ ಡಿಜಿಟಲ್ ಸಾಲಕ್ಕೆ ನಿಯಮ ಮಾಡಿದೆ. ದುಡ್ಡು ಸಾಲ ಕೊಡುವ ಸಂಸ್ಥೆಯ ಖಾತೆಯಿಂದ ನೇರವಾಗಿ ಸಾಲಗಾರನ ಖಾತೆಗೆ ಬರಬೇಕು, ಮರುಪಾವತಿಯೂ ಹಾಗೆಯೇ, ನಡುವೆ ಮೂರನೆಯವನ ಖಾತೆ ಇರಕೂಡದು. ಸಂಪರ್ಕಗಳ ಪಟ್ಟಿ, ಕಾಲ್ ಲಾಗ್, ಫೋಟೋಗಳಿಗೆ ಆ್ಯಪ್ ಕೈ ಹಾಕಕೂಡದು. ವಾರ್ಷಿಕ ದರ ಎಷ್ಟು, ಶುಲ್ಕ ಎಷ್ಟು ಎಂಬ ಮುಖ್ಯಾಂಶ ಪತ್ರವನ್ನು ಮೊದಲೇ ಕೊಡಬೇಕು. ಮನಸ್ಸು ಬದಲಾದರೆ ಅಸಲು ಮತ್ತು ಆ ಅವಧಿಯ ಬಡ್ಡಿಯಷ್ಟನ್ನು ವಾಪಸ್ ಕೊಟ್ಟು, ದಂಡವಿಲ್ಲದೆ ಹೊರಬರಲು ಅವಕಾಶ ಇರಬೇಕು. 2025ರ ಮೇ ತಿಂಗಳ ನಿರ್ದೇಶನದ ಪ್ರಕಾರ ಆ ಅವಕಾಶ ಕನಿಷ್ಠ ಒಂದು ದಿನದ್ದು. ಆಕೆಗೆ ಬುಧವಾರ ಬೆಳಿಗ್ಗೆ ಬೇಕಾಗಿದ್ದ, ಎಲ್ಲೂ ಕಾಣದ ಆ ಗುಂಡಿ ಇದೇ.

ಇವರು ಪ್ಲೇಸ್ಟೋರ್ ಬಿಟ್ಟು ಲಿಂಕ್ ಕಳಿಸುವುದಕ್ಕೂ ಕಾರಣವಿದೆ. 60 ದಿನದೊಳಗೆ ಪೂರ್ತಿ ತೀರಿಸಬೇಕಾದ ವೈಯಕ್ತಿಕ ಸಾಲದ ಆ್ಯಪ್‌ಗಳನ್ನು ಗೂಗಲ್ ಅಲ್ಲಿ ಇರಗೊಡುವುದಿಲ್ಲ. 2023ರ ಮೇ 31ರಿಂದ ಸಾಲದ ಆ್ಯಪ್‌ಗಳು ಸಂಪರ್ಕ, ಫೋಟೋಗಳನ್ನು ಕೇಳುವುದಕ್ಕೂ ತಡೆ ಹಾಕಿದೆ. ಏಳು ದಿನದ ಸಾಲ, ಅದಕ್ಕೆ ಫೋನ್‌ಬುಕ್ಕು: ಎರಡಕ್ಕೂ ಅಲ್ಲಿ ಜಾಗವಿಲ್ಲ. ಹಾಗೆಂದು ಅಂಗಡಿಗಳಿಗೇನೂ ಬರವಿಲ್ಲ. ರಿಸರ್ವ್ ಬ್ಯಾಂಕಿನ ಕಾರ್ಯತಂಡವೊಂದು 2021ರ ಜನವರಿ, ಫೆಬ್ರವರಿ ಎರಡೇ ತಿಂಗಳು ಹುಡುಕಿದಾಗ ಎಂಬತ್ತಕ್ಕೂ ಹೆಚ್ಚು ಆ್ಯಪ್ ಸ್ಟೋರುಗಳಲ್ಲಿ ಸುಮಾರು 1,100 ಸಾಲದ ಆ್ಯಪ್‌ಗಳು ಸಿಕ್ಕಿದ್ದವು, ಅದರಲ್ಲಿ ಸುಮಾರು 600 ಅಕ್ರಮ.

2025ರ ಜುಲೈನಿಂದ ರಿಸರ್ವ್ ಬ್ಯಾಂಕಿನ ವೆಬ್‌ಸೈಟಿನಲ್ಲಿ ಡಿಜಿಟಲ್ ಸಾಲದ ಆ್ಯಪ್‌ಗಳ ಪಟ್ಟಿ ಇದೆ. ಹುಡುಕಿದೆ, ಈ ಹೆಸರು ಇರಲಿಲ್ಲ. ಒಂದು ಎಚ್ಚರಿಕೆ: ಆ ಪಟ್ಟಿ ಸಾಲ ಕೊಡುವ ಸಂಸ್ಥೆಗಳೇ ಒಪ್ಪಿಸಿದ ಮಾಹಿತಿ. ಅದರಲ್ಲಿ ಹೆಸರಿದ್ದರೆ 'ಇದು ನಮ್ಮದು' ಎಂದು ಒಂದು ಸಂಸ್ಥೆ ಒಪ್ಪಿಕೊಂಡಿದೆ ಎಂದಷ್ಟೇ ಅರ್ಥ, ಸರ್ಟಿಫಿಕೇಟ್ ಅಲ್ಲ.

ಇಷ್ಟೆಲ್ಲ ನಿಯಮ ಹೇಳಿದ್ದಕ್ಕೆ ಆಕೆ ಕೇಳಿದ್ದು ಒಂದೇ ಮಾತು: "ಅದೆಲ್ಲ ಸರಿ ಸರ್. ನಾಳೆ ಬೆಳಿಗ್ಗೆ ನನ್ ಫೋಟೋ ಬೀಗರ ಮನೆಗೆ ಹೋದ್ರೆ?"

ಅಲ್ಲಿ ನನಗೆ ಬೆಳಕಾಯಿತು. ಬ್ಯಾಂಕಿನಲ್ಲಿ ಸಾಲ ಕೊಡುವಾಗ ನಾವು ಕೇಳುತ್ತಿದ್ದುದು ಒಂದೇ: ಇವನು ಕಟ್ಟದಿದ್ದರೆ ಏನನ್ನು ಮಾರಬಹುದು? ಇವರೂ ಅದನ್ನೇ ಕೇಳಿಕೊಂಡಿದ್ದಾರೆ. ಆಕೆಯ ಫೋನಿನಲ್ಲಿದ್ದ 214 ನಂಬರುಗಳೇ ಅಡಮಾನ. ಆ 214 ಜನರ ಎದುರಿಗೆ ಆಕೆಗಿರುವ ಮರ್ಯಾದೆಯೇ ಅದರ ಬೆಲೆ. ಅಡಮಾನದ ಬೆಲೆ ಇಳಿಸುವ ದಾರಿ ಒಂದೇ ಇತ್ತು. ಅವರು ಹೇಳುವ ಮೊದಲು ನಾವೇ ಹೇಳಿಬಿಡುವುದು.

ಒಪ್ಪಿಸುವುದಕ್ಕೆ ಒಂದು ಗಂಟೆ ಹಿಡಿಯಿತು. ಒಪ್ಪಿಸಿದ್ದು ನಾನಲ್ಲ, ನನ್ನ ಹೆಂಡತಿ. ಆಕೆ ಬರೆದ ಮೊದಲ ಮೆಸೇಜು ಶುರುವಾಗಿದ್ದು 'ಎಲ್ಲರೂ ನನ್ನನ್ನು ಕ್ಷಮಿಸಿ, ದುಡ್ಡಿನ ತೊಂದರೆಯಿಂದ ತಪ್ಪು ಮಾಡಿದೆ' ಎಂದು. ಕ್ಷಮಿಸಿ ಎಂಬುದನ್ನು ಹೊಡೆದುಹಾಕಿದೆವು. ತಪ್ಪು ಎಂಬುದನ್ನೂ. ಫೀಸಿನ ಕಥೆಯೂ ಬೇಡ ಎಂದೆವು. ಕಾರಣ ಕೊಟ್ಟಷ್ಟೂ ಜನ ತೀರ್ಪು ಕೊಡುತ್ತಾರೆ. ಕೊನೆಗೆ ಉಳಿದದ್ದು:

'ನನ್ನ ಫೋನಿನ ನಂಬರುಗಳೆಲ್ಲ ಒಂದು ಮೋಸದ ಲೋನ್ ಆ್ಯಪಿನವರ ಕೈಗೆ ಸಿಕ್ಕಿವೆ. ನನ್ನ ಫೋಟೋ ತಿದ್ದಿ ನಿಮಗೆ ಕಳಿಸಬಹುದು. ನೀವು ಜಾಮೀನು ಎಂದು ಹೆದರಿಸಬಹುದು. ನೀವು ಜಾಮೀನಲ್ಲ, ಒಂದು ರೂಪಾಯಿಯೂ ಕೊಡಬೇಡಿ. ಬಂದ ನಂಬರಿನ ಸ್ಕ್ರೀನ್‌ಶಾಟ್ ನನಗೆ ಕಳಿಸಿ ಬ್ಲಾಕ್ ಮಾಡಿ. ಪೊಲೀಸ್ ಕಂಪ್ಲೇಂಟ್ ಕೊಡುತ್ತಿದ್ದೇನೆ.'

ಪಟ್ಟಿ ಕೆಳಗಿಳಿಸುತ್ತಾ ಆಕೆ ಒಬ್ಬೊಬ್ಬರನ್ನೇ ಬಿಡುತ್ತಾ ಹೋದಳು. ಹಳೇ ಮನೆ ಓನರ್ ಬೇಡ, ಮಗನ ಮೇಷ್ಟ್ರು ಬೇಡ, ಬೀಗರಂತೂ ಬೇಡವೇ ಬೇಡ. "ಯಾರಿಗೆ ಬೇಡ ಅನ್ಸತ್ತೋ ಅವರಿಗೇ ಮೊದ್ಲು ಕಳ್ಸು" ಎಂದಳು ನನ್ನ ಹೆಂಡತಿ. ಬ್ರಾಡ್‌ಕಾಸ್ಟ್ ಮಾಡಿದರೆ ಆಕೆಯ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತದೆ, ಹಾಗಾಗಿ ಸ್ಟೇಟಸ್‌ಗೂ ಹಾಕಿಸಿದೆವು. ಬೀಗರಿಗೆ ಆಕೆಯೇ ಫೋನು ಮಾಡಿದಳು, ಹಿತ್ತಿಲಿಗೆ ಹೋಗಿ. ಏನು ಮಾತಾಡಿದಳೋ ನಾವು ಕೇಳಿಸಿಕೊಳ್ಳಲಿಲ್ಲ.

ಹನ್ನೊಂದೂವರೆಯ ಹೊತ್ತಿಗೆ ಮೂವತ್ತಕ್ಕೂ ಹೆಚ್ಚು ಉತ್ತರ ಬಂದಿದ್ದವು. ಹೆಚ್ಚಿನವು ಕೈಮುಗಿದ ಚಿತ್ರ. ಒಂದು ಉತ್ತರ ಫ್ಯಾಕ್ಟರಿಯ ಅದೇ ಫ್ಲೋರಿನವಳದ್ದು: 'ನಂಗೂ ಆಗಿತ್ತು ಕಣೆ, 11 ಸಾವಿರ ಕಟ್ದೆ. ಯಾರ್ಗೂ ಹೇಳಿಲ್ಲ.'

ಮರುದಿನ ಮಂಗಳವಾರ, ಗಡುವಿನ ದಿನ. ಬೆಳಿಗ್ಗೆ ಏಳೂಕಾಲಿಗೆ ಮೊದಲ ಫೋನು. ಕಾನೂನುಬದ್ಧ ವಸೂಲಿ ಏಜೆಂಟ್ ಬೆಳಿಗ್ಗೆ ಎಂಟಕ್ಕೆ ಮೊದಲು, ಸಂಜೆ ಏಳರ ನಂತರ ಕರೆ ಮಾಡುವಂತಿಲ್ಲ ಎಂದು ರಿಸರ್ವ್ ಬ್ಯಾಂಕು 2022ರ ಆಗಸ್ಟಿನಲ್ಲೇ ಸುತ್ತೋಲೆ ಹೊರಡಿಸಿತ್ತು. ಇವನಿಗೆ ಅದನ್ನು ಓದಿ ಹೇಳಿ ಪ್ರಯೋಜನ? ಆಕೆ ಸ್ಪೀಕರ್ ಹಾಕಿದಳು. ಹರಕು ಕನ್ನಡ, ಮಧ್ಯೆ ಹಿಂದಿ. ಎಲ್ಲರಿಗೂ ಕಳಿಸುತ್ತೇನೆ ಎಂದ. ಆಕೆ, ಧ್ವನಿ ನಡುಗುತ್ತಿದ್ದರೂ, "ಕಳ್ಸಪ್ಪ. ಎಲ್ರಿಗೂ ನಾನೇ ಹೇಳಿದೀನಿ" ಎಂದಳು.

ಆ ಕಡೆ ಒಂದು ಕ್ಷಣ ಸದ್ದಿಲ್ಲ. ಆಮೇಲೆ ಬೈಗುಳ, ಫೋನು ಕಟ್. ಹತ್ತು ನಿಮಿಷಕ್ಕೆ ಬೇರೆ ನಂಬರಿನಿಂದ ಬೇರೆ ದನಿ, ಸ್ವಲ್ಪ ಮೆತ್ತಗೆ: 'ಡಿಸ್ಕೌಂಟ್ ಕೊಡಿಸ್ತೀನಿ ಮೇಡಂ, 6,000ಕ್ಕೆ 3,000 ಕಟ್ಟಿ ಮುಗಿಸಿ.' ಮಧ್ಯಾಹ್ನ 1,500. ಸಂಜೆ 500. ಅಡವಿಟ್ಟ ಮಾಲಿನ ಬೆಲೆ ಬಿದ್ದರೆ ಸಾಲ ಕೊಟ್ಟವನು ಏನು ಮಾಡುತ್ತಾನೆಂದು ನೌಕರಿಯಲ್ಲಿ ಸಾಕಷ್ಟು ಕಂಡಿದ್ದೆ. ಒಂದೇ ದಿನದಲ್ಲಿ, ಫೋನಿನ ಸ್ಪೀಕರಿನಲ್ಲಿ ಕೇಳಿದ್ದು ಇದೇ ಮೊದಲು. ಅಷ್ಟರಲ್ಲಿ ಒಂಬತ್ತು ಜನಕ್ಕೆ ಫೋಟೋ ಹೋಗಿತ್ತು. ಏಳು ಜನ ಸ್ಕ್ರೀನ್‌ಶಾಟ್ ಕಳಿಸಿದರು.

500 ಕೊಟ್ಟು ತೊಳೆದುಕೊಳ್ಳೋಣ ಎಂದ ಅಣ್ಣ. ಅವನ ಮಾತಿನಲ್ಲಿ ಅರ್ಥವಿಲ್ಲದೆ ಇಲ್ಲ. ನೆಮ್ಮದಿಗೆ 500 ದೊಡ್ಡದಲ್ಲ. ನಾನು ಬೇಡ ಎಂದೆ. ಕಟ್ಟುವುದು ಮತ್ತೊಬ್ಬ ಅನಾಮಿಕನ ಯುಪಿಐಗೆ, ಸಾಲ ತೀರಿತೆಂದು ಬರೆದುಕೊಡುವವರು ಯಾರೂ ಇಲ್ಲ, ಹೆದರಿಸಿದರೆ ಕೊಡುವ ನಂಬರು ಎಂದು ಇನ್ನೊಂದು ಪಟ್ಟಿಗೆ ಸೇರುತ್ತೇವೆ. ಆಕೆಯ ಚಿಂತೆ ಮಾತ್ರ ಇಬ್ಬರದಕ್ಕಿಂತ ಬೇರೆ. "ಇನ್ನೊಬ್ರ ದುಡ್ಡು ಇಟ್ಕೊಂಡ ಹಾಗಾಗಲ್ವಾ?" ಚೀಟಿ ಮತ್ತೆ ತೆಗೆದು ತೋರಿಸಿದೆ. ಬಂದದ್ದಕ್ಕಿಂತ 840 ರೂಪಾಯಿ ಹೆಚ್ಚೇ ಹೋಗಿದೆ. ಆ ಚೀಟಿಯನ್ನು ಮಡಿಚಿ ಬ್ಲೌಸಿನೊಳಗೆ ಇಟ್ಟುಕೊಂಡಳು.

ಪೊಲೀಸ್ ಠಾಣೆಯ ಮೊದಲ ಭೇಟಿ ದಂಡ. ಕೌಂಟರಿನಲ್ಲಿದ್ದವರು ತಲೆ ಎತ್ತದೆ "ಸಾಲ ತಗೊಂಡಿದೀರಲ್ಲಮ್ಮ, ಕಟ್ಬಿಡಿ" ಎಂದರು. ಮರುದಿನ ಬರೆದ ದೂರಿನೊಂದಿಗೆ ಹೋದೆವು: ದಿನಾಂಕವಾರು ಪಟ್ಟಿ, ಮೂರು ಯುಪಿಐ ಐಡಿಗಳು, ಹದಿನೇಳು ಫೋನ್ ನಂಬರುಗಳು, ಏಳು ಸ್ಕ್ರೀನ್‌ಶಾಟ್‌ಗಳು. 'ಸಾಲ' ಎಂಬ ಪದವನ್ನು ಮೊದಲ ಸಾಲಿನಲ್ಲಿ ಬರೆಯಲೇ ಇಲ್ಲ. ತಿದ್ದಿದ ಫೋಟೋ ತೋರಿಸಿ ಹಣ ಕೀಳುತ್ತಿದ್ದಾರೆ ಎಂದು ಶುರುಮಾಡಿದೆವು, ಏಕೆಂದರೆ ನಡೆದದ್ದು ಅದೇ. ಭಾರತೀಯ ನ್ಯಾಯ ಸಂಹಿತೆಯ 308 ಸುಲಿಗೆಗೆ, 351 ಬೆದರಿಕೆಗೆ. ಜೊತೆಗೆ ಕರ್ನಾಟಕದ ಕಿರು ಸಾಲ ಮತ್ತು ಸಣ್ಣ ಸಾಲ ಕಾನೂನಿನ ಉಲ್ಲೇಖ. ಮೈಕ್ರೋಫೈನಾನ್ಸ್ ಕಿರುಕುಳಕ್ಕೆ ಸಾಲು ಸಾಲು ಜನ ಊರು ಬಿಟ್ಟ, ಜೀವ ಬಿಟ್ಟ ಸುದ್ದಿಗಳ ನಡುವೆ 2025ರ ಫೆಬ್ರವರಿ 12ರಂದು ಸುಗ್ರೀವಾಜ್ಞೆಯಾಗಿ ಬಂದದ್ದು ಅದು. ರಾಜ್ಯಪಾಲರು ಮೊದಲ ಸಲ ವಾಪಸ್ ಕಳಿಸಿ, ಎರಡನೇ ಸಲ ಸಹಿ ಹಾಕಿದರು. ಬಲವಂತದ ವಸೂಲಿಗೆ ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ. ಪೊಲೀಸರು ಕೇಸು ದಾಖಲಿಸಲು ನಿರಾಕರಿಸುವಂತಿಲ್ಲ ಎಂಬ ಮಾತೂ ಇದೆ. ಆ ಸಾಲಿನ ಕೆಳಗೆ ಪೆನ್ನಿನಿಂದ ಗೆರೆ ಎಳೆದಿದ್ದೆ. ಗೆರೆ ನೋಡಿದ ಮೇಲೆ ಕುರ್ಚಿ ಕೊಟ್ಟರು.

ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಫೋನು ಮಾಡಿ, ಸೈಬರ್ ಕ್ರೈಮ್ ಪೋರ್ಟಲಿನಲ್ಲೂ ದಾಖಲಿಸಿದೆವು. ಆ ಸಂಖ್ಯೆಗೆ ಬೇಗ ಕರೆ ಮಾಡಿದಷ್ಟೂ ಹೋದ ದುಡ್ಡನ್ನು ದಾರಿಯಲ್ಲೇ ತಡೆಹಿಡಿಯುವ ಸಾಧ್ಯತೆ ಹೆಚ್ಚು. ನಾವು ಮಾಡಿದಾಗ ಕೊನೆಯ ಪಾವತಿಗೆ ಎಂಟು ದಿನ ಆಗಿತ್ತು, ದುಡ್ಡಿನ ಆಸೆ ಬಿಟ್ಟಿದ್ದೆವು. ಅನಧಿಕೃತವಾಗಿ ಹಣದ ವ್ಯವಹಾರ ಮಾಡುವವರ ಮೇಲೆ ದೂರು ಕೊಡುವ ರಿಸರ್ವ್ ಬ್ಯಾಂಕಿನ 'ಸಚೇತ್' ಪೋರ್ಟಲಿಗೂ ಒಂದು ದೂರು ಹೋಯಿತು. ಒಂಬುಡ್ಸ್‌ಮನ್ ಬಗ್ಗೆ ಹಲವರು ಹೇಳಿದರು; ಆದರೆ ಅವರು ಕೇಳುವುದು ರಿಸರ್ವ್ ಬ್ಯಾಂಕಿನ ಹಿಡಿತದಲ್ಲಿರುವ ಸಂಸ್ಥೆಗಳ ಮೇಲಿನ ದೂರನ್ನು. ಇಲ್ಲಿ ಸಂಸ್ಥೆಯೇ ಇಲ್ಲವಲ್ಲ.

'ಸಿಬಿಲ್ ಹಾಳು ಮಾಡ್ತೀವಿ', ಅಂದರೆ ಸಾಲದ ಚರಿತ್ರೆಗೆ ಮಸಿ ಬಳಿಯುತ್ತೇವೆ ಎಂಬ ಬೆದರಿಕೆಯನ್ನು ಆಕೆಯ ಮಗ ಗಂಭೀರವಾಗಿ ತೆಗೆದುಕೊಂಡಿದ್ದ. ದೇಶದ ನಾಲ್ಕು ಕ್ರೆಡಿಟ್ ಮಾಹಿತಿ ಕಂಪನಿಗಳೂ ವರ್ಷಕ್ಕೊಂದು ಪೂರ್ತಿ ವರದಿಯನ್ನು ಪುಕ್ಕಟೆ ಕೊಡಬೇಕು. ಎರಡು ಕಡೆ ತೆಗೆಸಿದೆವು. ಈ ಸಾಲದ ಸುಳಿವೇ ಇಲ್ಲ. ಅಲ್ಲಿಗೆ ವರದಿ ಕಳಿಸಲು ಸದಸ್ಯ ಸಾಲ ಸಂಸ್ಥೆಯಾಗಿರಬೇಕು. ಹೆಸರೇ ಇಲ್ಲದವನು ಏನನ್ನು ಕಳಿಸಿಯಾನು?

ಇಪ್ಪತ್ತೇಳನೇ ದಿನಕ್ಕೆ ಬೆದರಿಕೆ ಫೋನುಗಳು ನಿಂತವು. ಪಕ್ಕದ ಮಷೀನಿನವಳ 2,280ನ್ನು ಸಂಘದಿಂದ ಸಾಲ ಪಡೆದು ತೀರಿಸಿದಳು, ಆ ಭಾನುವಾರವೇ.

ಆದರೆ ಆಮಿಷದ ಫೋನುಗಳು ಹೆಚ್ಚಾದವು. ನಂಬರು ಎಲ್ಲೆಲ್ಲೋ ಮಾರಾಟವಾಗಿರಬೇಕು. ಟಾಪ್-ಅಪ್ ಲೋನು, ಗೋಲ್ಡ್ ಲೋನು, ಒಂದು ಕ್ರೆಡಿಟ್ ಕಾರ್ಡು 'ಈಗಾಗಲೇ ಅಪ್ರೂವ್ ಆಗಿದೆ ಮೇಡಂ, ಮನೆಗೆ ಬರುತ್ತೆ'. ಕೇಳದೆ ಕಾರ್ಡ್ ಕೊಡುವುದಕ್ಕೆ 2022ರಿಂದ ಪೂರ್ತಿ ನಿಷೇಧವಿದೆ. ಹಾಗೆ ಕೊಟ್ಟು ಬಿಲ್ ಮಾಡಿದರೆ, ಆ ಶುಲ್ಕ ವಾಪಸ್ ಮಾಡುವುದಲ್ಲದೆ ಅದರ ಎರಡರಷ್ಟು ದಂಡವನ್ನೂ ಗ್ರಾಹಕರಿಗೆ ಕೊಡಬೇಕು. ಇದನ್ನು ಹೇಳಿಕೊಟ್ಟಿದ್ದೆ. ಆಕೆ ತನ್ನದೇ ಉಪಾಯ ಕಂಡುಕೊಂಡಿದ್ದಳು. ಕಾರ್ಡಿನ ಹುಡುಗಿಗೆ "ಮುಖ್ಯಾಂಶ ಪತ್ರ ಕನ್ನಡದಲ್ಲಿ ಕಳ್ಸಮ್ಮ, ಭಾನುವಾರ ಸಂಘದಲ್ಲಿ ಓದಿ ಹೇಳ್ತೀನಿ" ಎಂದಳಂತೆ. ಆ ಹುಡುಗಿ ಮತ್ತೆ ಫೋನು ಮಾಡಿಲ್ಲ. 1909ಕ್ಕೆ ಹೇಳಿ ಡಿಎನ್‌ಡಿ, ಅಂದರೆ ಮಾರಾಟದ ಕರೆಗಳಿಗೆ ತಡೆ, ಹಾಕಿಸಿದ ಮೇಲೆ ನೋಂದಾಯಿತ ಕಂಪನಿಗಳ ಕಾಟ ಕಡಿಮೆಯಾಯಿತು, ಉಳಿದವರದ್ದು ಹಾಗೇ ಇದೆ.

ದೂರಿನ ಸ್ಥಿತಿ ಪೋರ್ಟಲಿನಲ್ಲಿ ಇನ್ನೂ 'ಪರಿಶೀಲನೆಯಲ್ಲಿದೆ'. ಮೂರು ಯುಪಿಐ ಐಡಿಗಳಲ್ಲಿ ಒಂದು ಯಾರೋ ಕಾಲೇಜು ಹುಡುಗನದ್ದು, ಕಮಿಷನ್ ಆಸೆಗೆ ಖಾತೆ ಬಾಡಿಗೆಗೆ ಕೊಟ್ಟವನು ಎಂದು ಠಾಣೆಯಲ್ಲಿ ಹೇಳಿದರು. ಸೂಪರ್‌ವೈಸರ್ ಆ ಫೋಟೋದ ವಿಷಯ ಇವತ್ತಿನವರೆಗೂ ಎತ್ತಿಲ್ಲ. ಅದು ಒಳ್ಳೆಯದೋ ಕೆಟ್ಟದ್ದೋ ಆಕೆಗೆ ತಿಳಿಯುತ್ತಿಲ್ಲ. ಅಣ್ಣ ಮಾತು ಬಿಟ್ಟಿದ್ದಾನೆ, 500ರ ವಿಷಯಕ್ಕೆ.

ಹೋದ ತಿಂಗಳು ಫ್ಯಾಕ್ಟರಿಯಲ್ಲಿ ಭಾನುವಾರದ ಓವರ್‌ಟೈಮಿಗೆ ಕರೆದಿದ್ದರು. ಹೊಸ ಎಚ್‌ಆರ್‌ನವರ ನಂಬರು, ಸೇವ್ ಆಗಿರಲಿಲ್ಲ. ನಾಲ್ಕು ಸಲ ರಿಂಗಾಗಿದೆ, ಆಕೆ ಎತ್ತಿಲ್ಲ.